ಸ್ವಲೀನ ಮಕ್ಕಳು ಮತ್ತು ವರ್ತನಾ ಚಿಕಿತ್ಸೆ

ಹೆಸರು ಹಿಡಿದು ಕರೆದರೂ ತಿರುಗಿ ನೋಡದ, ಬೇಕಾದುದನ್ನು ಬೆರಳು ಮಾಡಿ ತೋರಿಸದ, ಆಟಿಕೆಗಳನ್ನು ಸಾಲಾಗಿ ಜೋಡಿಸುವುದರಲ್ಲಿಯೇ ಮೈಮರೆಯುವ ಮಗುವನ್ನು ಕಂಡು ‘ಮುಂದೆ ಸರಿಹೋದೀತು’ ಎಂದು ಹಿರಿಯರು ಸಮಾಧಾನ ಹೇಳುವುದುಂಟು. ಆದರೆ ಇವು ಸ್ವಲೀನತೆಯ, ಎಂದರೆ ಆಟಿಸಂನ, ಲಕ್ಷಣಗಳಾಗಿರಬಹುದು. ಕಾಲ ಕಳೆಯದೆ ಮಕ್ಕಳ ತಜ್ಞರಿಗೆ ತೋರಿಸುವುದು ಲೇಸು.

1943ರಲ್ಲಿ ಅಮೆರಿಕದ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳನ್ನು ಪರೀಕ್ಷಿಸಿ ಈ ಸ್ಥಿತಿಯನ್ನು ವರ್ಣಿಸಿದರು. ಅನಂತರ ಕೆಲಕಾಲ, ತಾಯಿಯ ಪ್ರೀತಿಯ ಕೊರತೆಯೇ ಇದಕ್ಕೆ ಕಾರಣವೆಂಬ ಅಭಿಪ್ರಾಯ ಪ್ರಚಾರದಲ್ಲಿತ್ತು. ಅದು ತಪ್ಪು. ಇದು ಮೆದುಳಿನ ಬೆಳವಣಿಗೆಯಲ್ಲಿನ ಭಿನ್ನತೆ. ಇದರಲ್ಲಿ ಅನುವಂಶೀಯತೆಯ ಪಾತ್ರ ಹಿರಿದು.

ವರ್ತನಾ ಚಿಕಿತ್ಸೆಯ ತತ್ತ್ವ ಸರಳವಾದುದು. ಯಾವ ವರ್ತನೆಗೆ ಕೂಡಲೆ ಇಷ್ಟದ ಫಲ ದೊರೆಯುವುದೋ ಅದು ಮರುಕಳಿಸುತ್ತದೆ. ನೀರಿಗಾಗಿ ಚೀರುವ ಮಗುವಿಗೆ ಚೀರಿದೊಡನೆ ನೀರು ಸಿಕ್ಕಿದರೆ ಅದು ಚೀರುವುದನ್ನೇ ಕಲಿಯುತ್ತದೆ. ಬದಲಾಗಿ, ಲೋಟದ ಚಿತ್ರವನ್ನು ಮುಂದಿಟ್ಟು, ಅದನ್ನು ಮುಟ್ಟಲು ಮಗುವಿಗೆ ನೆರವಾಗಿ, ಮುಟ್ಟಿದೊಡನೆ ನೀರು ಕೊಡಬೇಕು. ದಿನಗಳೆದಂತೆ ನೆರವನ್ನು ಕಡಮೆ ಮಾಡುತ್ತ ಬಂದರೆ ಮಗು ತಾನಾಗಿಯೇ ಚಿತ್ರವನ್ನು ತೋರಿಸೀತು. ಮುಂದೊಮ್ಮೆ ‘ನೀರು’ ಎಂದೂ ಅಂದೀತು. ಹಲ್ಲುಜ್ಜುವುದು, ಅಂಗಿ ತೊಡುವುದು ಮೊದಲಾದವನ್ನೂ ಹೀಗೆಯೇ ಸಣ್ಣ ಸಣ್ಣ ಹಂತಗಳಾಗಿ ಕಲಿಸಲಾಗುತ್ತದೆ. ಹನಿಗೂಡಿದರೆ ಹಳ್ಳ.

1987ರಲ್ಲಿ ಕ್ಯಾಲಿಫೋರ್ನಿಯಾದ ಐವಾರ್ ಲೋವಾಸ್, ವಾರಕ್ಕೆ 40 ಗಂಟೆಗಳಂತೆ ತರಬೇತಿ ಪಡೆದ 19 ಮಕ್ಕಳಲ್ಲಿ 9 ಮಂದಿ ಸಾಮಾನ್ಯ ಶಾಲೆಯ ಮೊದಲ ತರಗತಿಯನ್ನು ಪೂರೈಸಿದರೆಂದು ಪ್ರಕಟಿಸಿದರು. ಅವರ ವಿಧಾನದಲ್ಲಿ ಗದರಿಕೆ, ಏಟುಗಳೂ ಇದ್ದವು. ಉತ್ತಮ ಚಿಕಿತ್ಸೆಯಲ್ಲಿ ಇಂದು ಶಿಕ್ಷೆಗೆ ಎಡೆಯಿಲ್ಲ. ಆಟದ ಮೂಲಕ ಕಲಿಸುವುದಕ್ಕೇ ಪ್ರಾಶಸ್ತ್ಯ. ಫಲವೂ ಮಗುವಿನಿಂದ ಮಗುವಿಗೆ ಬೇರೆ. ಸ್ವಲೀನತೆಯನ್ನು ಸಂಪೂರ್ಣ ಗುಣಪಡಿಸುವೆವೆಂಬ ಭರವಸೆಗೆ ಮರುಳಾಗಿ ಹಣ ಸುರಿಯಲಾಗದು. ಕೈ ಆಡಿಸುವಂತಹ ನಿರುಪದ್ರವಿ ಅಭ್ಯಾಸಗಳನ್ನು ಬಲವಂತದಿಂದ ಅಡಗಿಸಿದುದು ತಮಗೆ ನೋವುಂಟುಮಾಡಿತೆಂದು ಬೆಳೆದು ದೊಡ್ಡವರಾದ ಸ್ವಲೀನರೇ ಹೇಳಿದ್ದಾರೆ. ಮಗುವನ್ನು ಇತರರಂತೆ ಕಾಣಿಸುವುದಲ್ಲ, ಅದು ತನ್ನ ಅಗತ್ಯವನ್ನು ತಿಳಿಸಬಲ್ಲಂತೆ ಮಾಡುವುದೇ ಗುರಿಯಾಗಬೇಕು.

ಹೊರನಾಡಿನ ಕನ್ನಡಿಗರು ಗಮನಿಸಬೇಕಾದ ಅಂಶವೊಂದಿದೆ. ‘ಮಗುವಿಗೆ ಗೊಂದಲವಾದೀತು, ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿರಿ’ ಎಂಬ ಸಲಹೆ ಕೇಳಿಬರುವುದುಂಟು. ಎರಡು ಭಾಷೆಗಳನ್ನು ಕೇಳಿ ಬೆಳೆಯುವುದರಿಂದ ಸ್ವಲೀನ ಮಕ್ಕಳ ಮಾತು ಹಿಂದುಳಿಯುವುದೆಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ದೊರೆತಿಲ್ಲ. ಚಿಕಿತ್ಸಾ ಕೇಂದ್ರದಲ್ಲಿ ಕಳೆಯುವ ಗಂಟೆಗಳು ಕೆಲವೇ. ಉಳಿದ ಹೊತ್ತೆಲ್ಲ ಮನೆಯದು. ಅಜ್ಜಿ ಆಡುವ ಭಾಷೆಯನ್ನು ಮನೆಯಿಂದ ಹೊರಗಿಟ್ಟರೆ ಮಗು ಒಬ್ಬ ಗುರುವನ್ನೇ ಕಳೆದುಕೊಂಡಂತೆ.