ಸ್ವಯಂಚಾಲಿತ ಗೇರಿನ ದೋಷಪರೀಕ್ಷೆ



ಕಳೆದ ವರ್ಷ ನಮ್ಮ ಪೋಷಕರೊಬ್ಬರ ಕಾರು ವಯನಾಡಿಗೆ ಬರುವ ತಾಮರಶ್ಶೇರಿ ಘಟ್ಟದ ತಿರುವಿನಲ್ಲಿ ಬಲಗುಂದಿತು. ಎಂಜಿನು ಭೋರ್ಗರೆದರೂ ಗಾಡಿ ಏರಲೊಲ್ಲದು. ಹಿಂದೆ ಲಾರಿಗಳ ಸಾಲು. ಗೇರುಪೆಟ್ಟಿಗೆಯನ್ನೇ ಬದಲಿಸಬೇಕೆಂದು ಒಂದು ಕಾರ್ಯಾಗಾರದವರು ಹೇಳಿದರು. ಮಗಳ ವ್ಯಾಸಂಗಕ್ಕೆ ಕೂಡಿಟ್ಟ ಹಣವು ಅದಕ್ಕೇ ಸಲ್ಲುವಂತಿತ್ತು. ಆಗ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಪರೀಕ್ಷಿಸಿ, ಗೇರಿನ ತೈಲವು ಸೋರಿಹೋಗಿದೆಯೆಂದು ಕಂಡುಕೊಂಡನು. ಸೋರಿಕೆಯನ್ನು ತಡೆದು ತೈಲ ತುಂಬಿದೊಡನೆ ಗಾಡಿಯು ಸರಿಹೋಯಿತು. ಅವನು ಮೊದಲು ತೈಲವನ್ನೇ ಏಕೆ ನೋಡಿದನು?

ಸ್ವಯಂಚಾಲಿತ ಗೇರು ಹೊಸತಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು ೧೯೩೯ರಲ್ಲಿಯೇ ಹೈಡ್ರಾಮ್ಯಾಟಿಕ್ ಎಂಬ ಗೇರನ್ನು ಓಲ್ಡ್ಸ್‌ಮೊಬೈಲ್ ಕಾರುಗಳಿಗೆ ಅಳವಡಿಸಿತು. ಇಂದಿನ ಸಾಮಾನ್ಯ ರಚನೆಯಲ್ಲಿ ಎಂಜಿನಿಗೂ ಗೇರಿಗೂ ನಡುವೆ ಟಾರ್ಕ್ ಕನ್ವರ್ಟರ್ ಇದೆ. ತಿರುಗುವ ಬೀಸಣಿಗೆಯ ಗಾಳಿಯು ಎದುರಿನ ನಿಂತ ಬೀಸಣಿಗೆಯನ್ನು ತಿರುಗಿಸುವಂತೆ, ಇಲ್ಲಿ ತೈಲದ ಪ್ರವಾಹವು ಶಕ್ತಿಯನ್ನು ದಾಟಿಸುತ್ತದೆ. ಅದೇ ತೈಲದ ಒತ್ತಡವು ಕ್ಲಚ್ಚಿನ ಫಲಕಗಳನ್ನು ಒತ್ತಿಹಿಡಿದು ಗೇರನ್ನು ಬದಲಿಸುತ್ತದೆ. ಅದೇ ತೈಲವು ಯಂತ್ರವನ್ನು ತಂಪಾಗಿಡುತ್ತದೆ. ತೈಲವು ಕುಗ್ಗಿದರೆ ಮೂರು ಕಾರ್ಯಗಳೂ ಕೆಡುವುವು.

ಪರೀಕ್ಷೆಯ ಕ್ರಮವನ್ನು ಗಮನಿಸಿರಿ.

೧. ಗೇರಿನ ಜಾತಿಯನ್ನು ತಿಳಿಯಿರಿ. ನಮ್ಮ ದೇಶದಲ್ಲಿ ಅನೇಕ ಚಿಕ್ಕ ಕಾರುಗಳಿಗೆ ಎ.ಎಂ.ಟಿ. ಎಂಬ ಬೇರೆ ರಚನೆಯಿದೆ. ಅದರಲ್ಲಿ ಸಾಮಾನ್ಯ ಕ್ಲಚ್ಚನ್ನೇ ಯಂತ್ರವು ಒತ್ತುವುದರಿಂದ ಅಲ್ಪ ಜಗ್ಗಾಟವು ಸಹಜ.

೨. ಲಕ್ಷಣವನ್ನು ಬರೆದುಕೊಳ್ಳಿರಿ. ಎಂಜಿನಿನ ವೇಗ ಏರಿಯೂ ಗಾಡಿಯ ವೇಗ ಏರದಿದ್ದರೆ ಅದು ಜಾರಿಕೆ. ‘ಡಿ’ಗೆ ಹಾಕಿದ ಮೇಲೆ ತಡವಾಗಿ ಹಿಡಿದರೆ ಒತ್ತಡದ ಕೊರತೆಯನ್ನು ಶಂಕಿಸಬೇಕು. ಒಂದೇ ಗೇರಿನಲ್ಲಿ ನಿಂತುಬಿಟ್ಟರೆ, ದೋಷವನ್ನರಿತ ಗಣಕವು ಆತ್ಮರಕ್ಷಣೆಗಾಗಿ ಹಾಗೆ ಮಾಡಿರಬಹುದು.

೩. ತೈಲವನ್ನು ನೋಡಿರಿ. ಅಳೆಯುವ ಕ್ರಮವನ್ನು ಕೈಪಿಡಿಯಿಂದ ತಿಳಿಯಬೇಕು; ಅಳತೆಕಡ್ಡಿಯಿಲ್ಲದ ಕಾರುಗಳನ್ನು ಕಾರ್ಯಾಗಾರದಲ್ಲಿಯೇ ನೋಡಿಸಬೇಕು. ಹೊಸ ತೈಲವು ಸಾಮಾನ್ಯವಾಗಿ ಕೆಂಪು, ಪಾರದರ್ಶಕ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಫಲಕಗಳು ಸವೆದಿರಬಹುದು. ಹಾಲು ಬೆರೆತಂತೆ ಕಂಡರೆ ನೀರು ಸೇರಿದೆ.

೪. ಗಣಕದ ಸಂಕೇತವನ್ನು ಓದಿಸಿರಿ. ಪಿ ೦೭೦೦ ಎಂಬುದು ಗೇರಿನ ನಿಯಂತ್ರಣದಲ್ಲಿ ದೋಷವಿದೆಯೆಂಬ ಸಾಮಾನ್ಯ ಸೂಚನೆ ಮಾತ್ರ. ಜೊತೆಯ ಇತರ ಸಂಕೇತಗಳನ್ನೂ ನೋಡಬೇಕು. ತಂತಿಯ ಜೋಡಣೆ, ಸೊಲೆನಾಯ್ಡ್ ಇವುಗಳನ್ನು ಪರೀಕ್ಷಿಸಿದ ಬಳಿಕವೇ ಪೆಟ್ಟಿಗೆಯನ್ನು ಬಿಚ್ಚತಕ್ಕದ್ದು.

ಒಂದು ಎಚ್ಚರಿಕೆ: ಜಾರುತ್ತಿರುವ ಗೇರಿನಿಂದ ಘಟ್ಟವನ್ನು ಏರಿಸಲು ಹೆಣಗಬಾರದು. ಶಾಖದಿಂದ ಸಣ್ಣ ದೋಷವು ದೊಡ್ಡದಾಗುವುದಲ್ಲದೆ ಪ್ರಾಣಕ್ಕೂ ಅಪಾಯ. ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ, ಕೈತಡೆಯನ್ನು ಎಳೆದು, ಸಹಾಯವನ್ನು ಕೋರಬೇಕು.

ಪೋಷಕರೇ, ಹಣ ಕೊಡುವ ಮುನ್ನ “ಯಾವ ಪರೀಕ್ಷೆಯಿಂದ ಹೀಗೆಂದು ತಿಳಿಯಿತು?” ಎಂದು ಕೇಳಿರಿ. ವಿದ್ಯಾರ್ಥಿಗಳೇ, ಲೆಕ್ಕದ ಉತ್ತರ ತಪ್ಪಿದಾಗ ಹಾಳೆಯನ್ನು ಹರಿಯದೆ ಮೊದಲ ಸಾಲಿನಿಂದ ನೋಡುವಿರಷ್ಟೆ; ಯಂತ್ರವನ್ನೂ ಹಾಗೆಯೇ ನೋಡಬೇಕು.