ಸರ್ವರ್ ಕೊಳ್ಳುವ ಮುಂಚೆ: ಒಂದೇ ಒಂದು ಬಿಟ್ ಮಗುಚಿದರೆ?

ದೋಹಾದಿಂದ ಒಬ್ಬರು ಬರೆದಿದ್ದಾರೆ: "ನಮ್ಮ ಕನ್ನಡ ಬಳಗದ ವೆಬ್‌ಸೈಟಿಗೆ ಅಂತಲೇ ಒಂದು ಸರ್ವರ್ ತಗೋಬೇಕು ಅಂದ್ಕೊಂಡಿದ್ದೀವಿ ಸರ್. ಯಾವ ಪ್ರೊಸೆಸರ್ ಒಳ್ಳೇದು?" ಹಳೆಯ ಫೋಟೊಗಳು, ನಾಟಕಗಳ ರೆಕಾರ್ಡಿಂಗು, ಸದಸ್ಯರ ಪಟ್ಟಿ, ಎಲ್ಲಾ ಅದರಲ್ಲೇ ಇಡ್ತಾರಂತೆ.

ಎಲ್ಲರೂ ಮೊದಲು ಕೇಳೋದು ಪ್ರೊಸೆಸರ್ ಬಗ್ಗೆಯೇ. ನಾನು ಮಾತ್ರ ಮೆಮೊರಿಯಿಂದ ಶುರು ಮಾಡ್ತೀನಿ, ಯಾಕಂದ್ರೆ ನಮಗೆ ಪೆಟ್ಟು ಬಿದ್ದದ್ದು ಅಲ್ಲಿ.

ಈ ಪಾಡ್‌ಕಾಸ್ಟ್ ಶುರುವಾದಾಗ ನಮ್ಮ ಸರ್ವರ್ ಅಂದ್ರೆ ಇಲ್ಲೇ ಜರ್ಮನಿಯಲ್ಲಿ, ನನ್ನ ಮನೆಯ ನೆಲಮಾಳಿಗೆಯಲ್ಲಿದ್ದ ಹಳೆಯ ಡೆಸ್ಕ್‌ಟಾಪ್. ಡಿಸ್ಕ್ ತುಂಬಿತು ಅಂತ ಮೂಲ ರೆಕಾರ್ಡಿಂಗುಗಳನ್ನೆಲ್ಲ ಕುಗ್ಗಿಸಿ, ಗಂಟು ಕಟ್ಟಿ ಹೊಸ ಡಿಸ್ಕಿಗೆ ಹಾಕಿದೆ. ಅಲ್ಲಿಂದ ಬ್ಯಾಕಪ್ಪೂ ಆಯಿತು. ಹಳೆಯ ಡಿಸ್ಕನ್ನು ಅಳಿಸಿ ಯಾರಿಗೋ ಕೊಟ್ಟೆ. ಮುಂದೊಂದು ದಿನ ನನಗೆ ಭೌತಶಾಸ್ತ್ರ ಕಲಿಸಿದ ಮೇಷ್ಟ್ರ ಸಂದರ್ಶನ ಬಿಚ್ಚೋಣ ಅಂತ ಹೋದರೆ, ಹತ್ತೊಂಬತ್ತು ನಿಮಿಷ ಬಂತು, ಆಮೇಲೆ ಇಲ್ಲ. ಬ್ಯಾಕಪ್ಪಿನಲ್ಲೂ ಅಷ್ಟೇ. ತಪ್ಪಾದ ಫೈಲನ್ನೇ ಅದು ನಿಷ್ಠೆಯಿಂದ ನಕಲು ಮಾಡಿಟ್ಟಿತ್ತು. ಅಷ್ಟು ಹೊತ್ತಿಗೆ ಮೇಷ್ಟ್ರೂ ಇರಲಿಲ್ಲ. ಮೆಮೊರಿ ಪರೀಕ್ಷೆ ಓಡಿಸಿದಾಗ ಒಂದು ಜಾಗದಲ್ಲಿ ಮತ್ತೆ ಮತ್ತೆ ತಪ್ಪು ಕಾಣಿಸಿತು. ಫೈಲು ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಹೋಗುವಾಗ ಮೆಮೊರಿ ದಾಟಿಯೇ ಹೋಗಬೇಕಲ್ಲಾ, ಅಲ್ಲೇ ಕೆಟ್ಟಿತ್ತು. ಕುಗ್ಗಿಸಿದ ಫೈಲಿನಲ್ಲಿ ಒಂದು ಬಿಟ್ ಕೆಟ್ಟರೂ ಅದರಾಚೆಯದನ್ನು ಬಿಚ್ಚೋದು ಬಹಳ ಕಷ್ಟ.

ಮೆಮೊರಿ ಯಾಕೆ ಹೀಗೆ ಮಾಡುತ್ತೆ? ಒಂದೊಂದು ಬಿಟ್ ಕೂಡ ಅತಿ ಚಿಕ್ಕ ಕೆಪಾಸಿಟರ್‌ನಲ್ಲಿ ಕೂಡಿಟ್ಟ ಚೂರು ವಿದ್ಯುದಾವೇಶ. ಅದು ಸೋರುತ್ತಲೇ ಇರುತ್ತೆ, ಸೆಕೆಂಡಿಗೆ ಹತ್ತಾರು ಸಲ ತುಂಬಿಸುತ್ತಲೇ ಇರಬೇಕು. ಇನ್ನು ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದಾಗ ನ್ಯೂಟ್ರಾನ್‌ಗಳು ಕೆಳಗಿಳಿಯುತ್ತವೆ. ಅಂಥದ್ದೊಂದು ಸಿಲಿಕಾನ್ ಪರಮಾಣುವಿನ ನ್ಯೂಕ್ಲಿಯಸ್‌ಗೆ ಬಡಿದರೆ ಅಲ್ಲಿ ಎದ್ದ ಆವೇಶ ಸೊನ್ನೆಯನ್ನು ಒಂದು ಮಾಡಬಹುದು, ಒಂದನ್ನು ಸೊನ್ನೆ ಮಾಡಬಹುದು. 2003ರಲ್ಲಿ ಬೆಲ್ಜಿಯಂನ ಸ್ಕಾರ್‌ಬೇಕ್‌ನಲ್ಲಿ ಎಲೆಕ್ಟ್ರಾನಿಕ್ ಮತ ಎಣಿಸುವಾಗ ಒಬ್ಬ ಅಭ್ಯರ್ಥಿಗೆ ಸರಿಯಾಗಿ 4096 ಮತ ಹೆಚ್ಚು ಬಂದವು. ಎರಡನ್ನು ಹನ್ನೆರಡು ಸಲ ಗುಣಿಸಿ ನೋಡಿ, 4096. ಅಂದರೆ ಒಂದೇ ಬಿಟ್ ಮಗುಚಿದ ಗುರುತು. ಕಾರಣ ಕಾಸ್ಮಿಕ್ ಕಿರಣವೇ ಅಂತ ಸಾಬೀತಾಗಲಿಲ್ಲ. ಆ ಅಭ್ಯರ್ಥಿಗೆ ಅಷ್ಟು ಮತ ಸಿಗೋಕೆ ಸಾಧ್ಯವೇ ಇರಲಿಲ್ಲ, ಅದಕ್ಕೇ ತಪ್ಪು ಸಿಕ್ಕಿಬಿತ್ತು.

ಕಾಸ್ಮಿಕ್ ಕಿರಣದ ಕಥೆ ಹೇಳೋಕೆ ಚೆನ್ನ. ಆದರೆ ಗೂಗಲ್‌ನ ಸರ್ವರ್‌ಗಳ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನೇ ತೋರಿಸಿತು: ವರ್ಷಕ್ಕೆ ನೂರರಲ್ಲಿ ಎಂಟಕ್ಕೂ ಹೆಚ್ಚು ಮೆಮೊರಿ ಪಟ್ಟಿಗಳಲ್ಲಿ ತಪ್ಪು ಕಂಡಿತು, ಮತ್ತು ಹೆಚ್ಚಿನವು ಚಿಪ್ಪಿನದೇ ದೋಷ ಅನ್ನೋ ಹಾಗಿದ್ದವು. ನಮ್ಮದೂ ಅದೇ ಜಾತಿ.

ಪರಿಹಾರ ಹಳೆಯದು. ಬೆಲ್ ಲ್ಯಾಬ್ಸ್‌ನಲ್ಲಿದ್ದ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದ ಉಪಾಯ ಅದು. ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕ ನೆನಪಿಸಿಕೊಳ್ಳಿ. ಪ್ರತಿ ಸಾಲಿನ ಮೊತ್ತ ಪಕ್ಕದಲ್ಲಿ, ಪ್ರತಿ ಕಾಲಮ್ಮಿನ ಮೊತ್ತ ಕೆಳಗೆ. ಒಂದು ಅಂಕಿ ತಪ್ಪಿದರೆ ಒಂದು ಸಾಲು, ಒಂದು ಕಾಲಮ್ಮು ಎರಡೂ ತಾಳೆಯಾಗಲ್ಲ. ಅವೆರಡೂ ಕೂಡುವ ಜಾಗದಲ್ಲೇ ತಪ್ಪು. ಇಸಿಸಿ ಮೆಮೊರಿಯ ವಿಧಾನ ಹೆಚ್ಚು ಜಾಣತನದ್ದು, ಆದರೆ ತಿರುಳು ಇದೇ: ಸಾಮಾನ್ಯವಾಗಿ 64 ಬಿಟ್ ಮಾಹಿತಿಗೆ 8 ಬಿಟ್ ಕಾವಲು. ಒಂದು ಬಿಟ್ ತಪ್ಪಿದರೆ ತಾನೇ ತಿದ್ದುತ್ತೆ. ಎರಡು ತಪ್ಪಿದರೆ ತಿದ್ದೋಕಾಗಲ್ಲ, ಆದರೆ ಗೊತ್ತಾಗುತ್ತೆ. ಸುಮ್ಮನೆ ಸುಳ್ಳು ಕೊಡೋದಕ್ಕಿಂತ ಯಂತ್ರ ನಿಂತರೇ ವಾಸಿ.

ಕೊಳ್ಳುವಾಗ ಮೋಸ ಹೋಗಬೇಡಿ. ಮೆಮೊರಿ, ಪ್ರೊಸೆಸರ್, ಮದರ್‌ಬೋರ್ಡ್ ಮೂರೂ ಇಸಿಸಿಗೆ ಒಪ್ಪಬೇಕು, ಒಂದು ಒಪ್ಪದಿದ್ದರೂ ದುಡ್ಡು ದಂಡ. ಜಿಯಾನ್, ಎಪಿಕ್ ಪ್ರೊಸೆಸರ್‌ಗಳಲ್ಲಿ ಚಿಂತೆಯಿಲ್ಲ. ಹಲವು ರೈಜನ್‌ಗಳು ಒಪ್ಪುತ್ತವೆ, ಆದರೆ ಬೋರ್ಡಿನ ಕೈಪಿಡಿ ಓದಿಯೇ ತಗೊಳ್ಳಿ. "ಡಿಡಿಆರ್5ನಲ್ಲಿ ಇಸಿಸಿ ಒಳಗೇ ಇದೆ" ಅಂತ ಅಂಗಡಿಯವರು ಹೇಳಬಹುದು. ಅದು ಚಿಪ್ಪಿನೊಳಗಿನ ತಪ್ಪಿಗೆ ಮಾತ್ರ. ಚಿಪ್ಪಿನಿಂದ ಪ್ರೊಸೆಸರ್‌ವರೆಗಿನ ದಾರಿಗೆ ಕಾವಲಿಲ್ಲ.

ಎರಡನೇ ಪ್ರಶ್ನೆ ಡಿಸ್ಕು. ಡೇಟಾಬೇಸ್ ಒಂದು ವಿಷಯ ಬರೆದು "ಗಟ್ಟಿಯಾಗಿ ಕೂತಿತಾ?" ಅಂತ ಕೇಳುತ್ತೆ. ಸಾಮಾನ್ಯ ಎಸ್‌ಎಸ್‌ಡಿ ಇನ್ನೂ ತನ್ನ ತಾತ್ಕಾಲಿಕ ಮೆಮೊರಿಯಲ್ಲಿ ಇಟ್ಟುಕೊಂಡಿದ್ದಾಗಲೇ ಕರೆಂಟ್ ಹೋದರೆ ಕಷ್ಟ. ಸರ್ವರ್ ದರ್ಜೆಯ ಎಸ್‌ಎಸ್‌ಡಿಗಳಲ್ಲಿ ಪುಟ್ಟ ಕೆಪಾಸಿಟರ್‌ಗಳ ಸಾಲೇ ಇರುತ್ತೆ. ಕರೆಂಟ್ ಹೋದ ಮೇಲೂ ಬಾಕಿ ಬರಹ ಮುಗಿಸುವಷ್ಟು ಶಕ್ತಿ ಅವುಗಳಲ್ಲಿ ಉಳಿದಿರುತ್ತೆ. ಈ ಧೈರ್ಯ ಇರೋದರಿಂದ ಅವು ಡೇಟಾಬೇಸಿಗೆ ಬೇಗ "ಹೂಂ" ಅನ್ನುತ್ತವೆ, ಹಾಗಾಗಿ ವೇಗವೂ ಹೆಚ್ಚು. ಅಂಥವು ಎರಡು ತಗೊಂಡು ಒಂದರ ಪ್ರತಿ ಇನ್ನೊಂದರಲ್ಲಿರುವ ಹಾಗೆ ಜೋಡಿಸಿ. ಆದರೆ ಅದನ್ನು ಬ್ಯಾಕಪ್ ಅಂದುಕೊಳ್ಳಬೇಡಿ. ನೀವು ಅಳಿಸಿದ್ದು ಎರಡರಲ್ಲೂ ಅಳಿಯುತ್ತೆ.

ಬಾಡಿಗೆ ಸರ್ವರ್ ಆದರೆ ಡಿಸ್ಕ್ ಎಷ್ಟು ಗಂಟೆ ಓಡಿದೆ, ಎಷ್ಟು ಬರೆಸಿಕೊಂಡಿದೆ ಅಂತ ಮೊದಲ ದಿನವೇ ನೋಡಿ, ಸವೆದಿದ್ದರೆ ಬದಲಿ ಕೇಳಿ.

ಇನ್ನು ದೋಹಾದವರ ಪ್ರೊಸೆಸರ್. ಕೆಲವು ಸಾವಿರ ಜನ ನೋಡುವ ಸೈಟಿಗೆ ನಾಲ್ಕಾರು ಒಳ್ಳೆಯ ಕೋರ್ ಸಾಕು, ಅವು ಬಹುಪಾಲು ಹೊತ್ತು ಸುಮ್ಮನೆ ಕೂತಿರುತ್ತವೆ. ಹೆಚ್ಚಿನ ಕೋರ್‌ಗೆ ಇಟ್ಟ ದುಡ್ಡಲ್ಲಿ 32 ಜಿಬಿ ಇಸಿಸಿ ಮೆಮೊರಿ, ಕೆಪಾಸಿಟರ್ ಇರುವ ಎರಡು ಎಸ್‌ಎಸ್‌ಡಿ ತಗೊಳ್ಳಿ. ನಾಟಕದ ರೆಕಾರ್ಡಿಂಗುಗಳಿಗೆ ಈಗಲೇ ಚೆಕ್‌ಸಮ್ ಲೆಕ್ಕ ಹಾಕಿ ಬೇರೆ ಕಡೆ ಬರೆದಿಡಿ. ಹೊಸ ಸರ್ವರ್‌ಗೆ ಸಾಗಿಸಿದ ಮೇಲೆ ತಾಳೆ ನೋಡಿ. ತಾಳೆಯಾಗುವವರೆಗೆ ಹಳೆಯ ಡಿಸ್ಕನ್ನು ಯಾರಿಗೂ ಕೊಡಬೇಡಿ.