ಡಿಸ್ಕ್ ತೆರೆಯುತ್ತಿಲ್ಲವೇ? ಫಾರ್ಮ್ಯಾಟ್ ಮಾಡುವ ಮುನ್ನ ಓದಿ



ಒಂದು ಸಂದರ್ಭ ಊಹಿಸಿಕೊಳ್ಳಿ. ಅಕ್ಕನ ಮದುವೆಯ ಫೋಟೊಗಳು, ಅಬ್ಬಾ ಸ್ಕ್ಯಾನ್ ಮಾಡಿಸಿದ ಜಮೀನಿನ ಪತ್ರಗಳು, ನಿಮ್ಮ ಪ್ರಾಜೆಕ್ಟ್ ಎಲ್ಲವೂ ಒಂದೇ ಹಾರ್ಡ್‌ಡಿಸ್ಕಿನಲ್ಲಿವೆ. ನಿನ್ನೆ ಮನೆಯ ವಿಂಡೋಸ್ ಕಂಪ್ಯೂಟರಿನಲ್ಲಿ ತೆರೆದ ಡಿಸ್ಕ್ ಇಂದು ಲ್ಯಾಬಿನ ಉಬುಂಟುವಿನಲ್ಲಿ ತೆರೆಯುತ್ತಿಲ್ಲ. ಪಕ್ಕದಲ್ಲಿ ಕುಳಿತವರು "ಫಾರ್ಮ್ಯಾಟ್ ಮಾಡಿಬಿಡು, ಸರಿಹೋಗುತ್ತೆ" ಎನ್ನುತ್ತಾರೆ. ಡಿಸ್ಕ್ ಸರಿಹೋಗಬಹುದು, ಆದರೆ ಅದರಲ್ಲಿದ್ದದ್ದು ಕೈಬಿಟ್ಟು ಹೋಗುತ್ತದೆ. ಈ ಪಾಠದ ಮುಖ್ಯ ಮಾತು ಇಷ್ಟೇ: ತೆರೆಯದ ಡಿಸ್ಕ್ ಎಂದರೆ ಖಾಲಿಯಾದ ಡಿಸ್ಕ್ ಅಲ್ಲ.

ಮೌಂಟ್ ಎಂದರೇನು?

ನಮ್ಮ ಶ್ರೀರಂಗಪಟ್ಟಣ ಕಾವೇರಿಯ ನಡುವಿನ ದ್ವೀಪ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ವೆಲ್ಲೆಸ್ಲಿ ಸೇತುವೆ ಪೂರ್ಣಗೊಂಡಿತು. ಸೇತುವೆಗೆ ಮೊದಲೂ ದ್ವೀಪ ಅಲ್ಲೇ ಇತ್ತು. ಲಿನಕ್ಸ್‌ನಲ್ಲಿ ಡಿಸ್ಕ್ ಕೂಡ ಹಾಗೆಯೇ. ವಿಂಡೋಸ್ ಪ್ರತಿ ಭಾಗಕ್ಕೂ ಸಿ, ಡಿ ಎಂದು ಅಕ್ಷರ ಕೊಡುತ್ತದೆ. ಲಿನಕ್ಸ್ ಡಿಸ್ಕಿನ ಭಾಗವನ್ನು ಒಂದು ಫೋಲ್ಡರಿಗೆ ಜೋಡಿಸುತ್ತದೆ. ಈ ಜೋಡಣೆಯೇ ಮೌಂಟ್, ಆ ಫೋಲ್ಡರೇ ಮೌಂಟ್ ಪಾಯಿಂಟ್. ಮೌಂಟ್ ಆಗದಿದ್ದರೆ ಸೇತುವೆ ಇಲ್ಲ ಎಂದಷ್ಟೇ ಅರ್ಥ.

ಹಂತ 1: ಡಿಸ್ಕ್ ಕಂಪ್ಯೂಟರಿಗೆ ಕಾಣುತ್ತಿದೆಯೇ?

ಟರ್ಮಿನಲ್ ತೆರೆದು ಎಲ್, ಎಸ್, ಬಿ, ಎಲ್, ಕೆ ಎಂಬ ಐದು ಇಂಗ್ಲಿಷ್ ಸಣ್ಣಕ್ಷರಗಳನ್ನು ಒಟ್ಟಿಗೆ ಟೈಪ್ ಮಾಡಿ ಎಂಟರ್ ಒತ್ತಿ. ಈ ಆಜ್ಞೆ ಡಿಸ್ಕುಗಳ ಪಟ್ಟಿಯನ್ನು ತೋರಿಸುತ್ತದೆ ಅಷ್ಟೇ, ಏನನ್ನೂ ಬದಲಿಸುವುದಿಲ್ಲ. ಸಾಮಾನ್ಯವಾಗಿ ಮೊದಲ ಡಿಸ್ಕ್ ಎಸ್‌ಡಿಎ, ಎರಡನೆಯದು ಎಸ್‌ಡಿಬಿ, ಅದರ ಮೊದಲ ಭಾಗ ಎಸ್‌ಡಿಬಿ1. ಗಾತ್ರ ನೋಡಿ ನಿಮ್ಮ ಡಿಸ್ಕನ್ನು ಗುರುತಿಸಿ.

ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ದೋಷ ಬಹುಶಃ ಕೇಬಲ್ ಅಥವಾ ವಿದ್ಯುತ್ತಿನದು. ಬೇರೆ ಕೇಬಲ್ ಹಾಕಿ. ಸಿಪಿಯು ಪೆಟ್ಟಿಗೆಯ ಮುಂಭಾಗದ ಬದಲು ಹಿಂಭಾಗದ ಯುಎಸ್‌ಬಿ ಕಿಂಡಿಗೆ ಚುಚ್ಚಿ. ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ತಕ್ಷಣ ಕಳಚಿ ಬದಿಗಿಡಿ. ಅದು ಯಂತ್ರದ ದೋಷ. ಮತ್ತೆ ಮತ್ತೆ ಚಾಲೂ ಮಾಡಿದಷ್ಟೂ ಹಾನಿ ಹೆಚ್ಚು.

ಹಂತ 2: ಫೈಲ್ ಸಿಸ್ಟಂ ಯಾವುದು?

ಹೆಸರು ಕಾಣುತ್ತಿದ್ದು ಮೌಂಟ್ ಪಾಯಿಂಟ್ ಕಾಲಂ ಖಾಲಿಯಿದ್ದರೆ ಅದೇ ಆಜ್ಞೆಯ ಮುಂದೆ ಜಾಗ ಬಿಟ್ಟು, ಅಡ್ಡಗೆರೆ ಮತ್ತು ಎಫ್ ಸೇರಿಸಿ. ಈಗ ಫೈಲ್ ಸಿಸ್ಟಂ ಕಾಣುತ್ತದೆ. ವಿಂಡೋಸ್ ಡಿಸ್ಕುಗಳು ಹೆಚ್ಚಾಗಿ ಎನ್‌ಟಿಎಫ್‌ಎಸ್, ಪೆನ್‌ಡ್ರೈವ್‌ಗಳು ಫ್ಯಾಟ್ ಅಥವಾ ಎಕ್ಸ್‌ಫ್ಯಾಟ್, ಲಿನಕ್ಸ್ ಡಿಸ್ಕುಗಳು ಎಕ್ಸ್ಟ್4. ಹಳೆಯ ಉಬುಂಟುವಿನಲ್ಲಿ ಎಕ್ಸ್‌ಫ್ಯಾಟ್‌ಗೆ ಪ್ರತ್ಯೇಕ ಪ್ಯಾಕೇಜ್ ಬೇಕಾಗುತ್ತಿತ್ತು. ಬಿಟ್‌ಲಾಕರ್ ಎಂದು ತೋರಿದರೆ ಡಿಸ್ಕಿಗೆ ಬೀಗ ಹಾಕಿದೆ. ಪಾಸ್‌ವರ್ಡ್ ಇಲ್ಲದೆ ತೆರೆಯುವುದಿಲ್ಲ.

ಹಂತ 3: ವಿಂಡೋಸ್ ಸರಿಯಾಗಿ ಮುಚ್ಚಿದೆಯೇ?

ಇಲ್ಲೇ ಹೆಚ್ಚಿನವರು ಎಡವುವುದು. ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಉಬುಂಟು ಎರಡೂ ಇವೆ ಎನ್ನಿ. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬ ಸೌಲಭ್ಯ ಬಂದಿದೆ. ಶಟ್‌ಡೌನ್ ಒತ್ತಿದರೂ ವ್ಯವಸ್ಥೆಯ ಸ್ಥಿತಿಯನ್ನು ಡಿಸ್ಕಿನಲ್ಲಿ ಉಳಿಸಿಕೊಂಡು ವಿಂಡೋಸ್ ಅರೆನಿದ್ದೆಗೆ ಜಾರುತ್ತದೆ. ಆಗ ಲಿನಕ್ಸ್ ಆ ಭಾಗದಲ್ಲಿ ಬರೆದರೆ ಕಡತಗಳು ಕೆಡಬಹುದು. ಆದ್ದರಿಂದ ಅದು ಮೌಂಟ್ ಮಾಡಲು ನಿರಾಕರಿಸುತ್ತದೆ, ಇಲ್ಲವೇ ಓದಲು ಮಾತ್ರ ಬಿಡುತ್ತದೆ. ಇದು ದೋಷವಲ್ಲ, ಎಚ್ಚರಿಕೆ.

ಪರಿಹಾರ: ಮತ್ತೆ ವಿಂಡೋಸ್‌ಗೆ ಹೋಗಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ, ಅಥವಾ ಶಟ್‌ಡೌನ್ ಬದಲು ರೀಸ್ಟಾರ್ಟ್ ಒತ್ತಿ ಉಬುಂಟು ಆರಿಸಿಕೊಳ್ಳಿ. ರೀಸ್ಟಾರ್ಟ್ ಮಾಡಿದಾಗ ವಿಂಡೋಸ್ ಪೂರ್ತಿ ಮುಚ್ಚುತ್ತದೆ.

ಹೊರಗಿನ ಡಿಸ್ಕನ್ನು ಇಜೆಕ್ಟ್ ಮಾಡದೆ ಕಿತ್ತಿದ್ದರೂ ಇದೇ ಬಗೆಯ ತೊಂದರೆ ಬರುತ್ತದೆ. ವಿಂಡೋಸ್ ಕಂಪ್ಯೂಟರಿಗೆ ಹಾಕಿ, ಡಿಸ್ಕ್ ತೆರೆದರೆ ಮೊದಲು ಮುಖ್ಯ ಕಡತಗಳ ಪ್ರತಿ ತೆಗೆದುಕೊಳ್ಳಿ. ಅನಂತರ ಡ್ರೈವಿನ ಪ್ರಾಪರ್ಟೀಸ್‌ನಲ್ಲಿ ದೋಷ ಪರೀಕ್ಷೆ ನಡೆಸಿ. ಉಬುಂಟುವಿನಲ್ಲಿ ಒತ್ತಾಯದಿಂದ ಮೌಂಟ್ ಮಾಡುವ ಆಯ್ಕೆಯನ್ನು ಮುಟ್ಟಬೇಡಿ.

ಹಂತ 4: ತೆರೆಯುತ್ತದೆ, ಬರೆಯಲಾಗುತ್ತಿಲ್ಲ

ಎಕ್ಸ್ಟ್4 ಡಿಸ್ಕಿನಲ್ಲಿ ಪ್ರತಿ ಫೋಲ್ಡರಿಗೂ ಒಬ್ಬ ಒಡೆಯನಿರುತ್ತಾನೆ. ಬೇರೊಬ್ಬರ ಖಾತೆಯಲ್ಲಿ ಸಿದ್ಧವಾದ ಫೋಲ್ಡರಿನಲ್ಲಿ ನಿಮಗೆ ಬರೆಯುವ ಅನುಮತಿ ಇಲ್ಲದಿರಬಹುದು. ಲ್ಯಾಬಿನಲ್ಲಾದರೆ ಉಪನ್ಯಾಸಕರನ್ನು ಕೇಳಿ ಸರಿಪಡಿಸಿಕೊಳ್ಳಿ. ಎಕ್ಸ್ಟ್4 ದುರಸ್ತಿ ಮಾಡುವ ಎಫ್‌ಎಸ್‌ಸಿಕೆ ಆಜ್ಞೆಯನ್ನು ಮೌಂಟ್ ಆಗಿರುವ ಡಿಸ್ಕಿನ ಮೇಲೆ ಎಂದೂ ಓಡಿಸಬಾರದು.

ಹಂತ 5: ಕಂಪ್ಯೂಟರೇ ಚಾಲೂ ಆಗುತ್ತಿಲ್ಲ

ಪ್ರತಿ ಸಲ ತಾನಾಗಿ ಮೌಂಟ್ ಆಗಲೆಂದು ಕೆಲವರು ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿ ಡಿಸ್ಕಿನ ವಿವರ ಬರೆಯುತ್ತಾರೆ. ಆ ಡಿಸ್ಕ್ ಕಳಚಿದ್ದರೆ ಉಬುಂಟು ಕಾದು ಕಾದು ಎಮರ್ಜೆನ್ಸಿ ಮೋಡ್‌ಗೆ ಹೋಗಬಹುದು. ಆ ಸಾಲಿಗೆ ನೋಫೇಲ್ ಎಂಬ ಆಯ್ಕೆ ಸೇರಿಸಿದರೆ ಡಿಸ್ಕ್ ಇಲ್ಲದಿದ್ದರೂ ಕಂಪ್ಯೂಟರ್ ಚಾಲೂ ಆಗುತ್ತದೆ. ಎಸ್‌ಡಿಬಿ1 ಎಂಬ ಹೆಸರು ಬದಲಾಗಬಹುದು. ಹಂತ 2ರ ಆಜ್ಞೆ ತೋರಿಸುವ ಯುಯುಐಡಿ ಸಂಖ್ಯೆಯನ್ನು ಬರೆಯುವುದೇ ಸರಿ.

ಕೊನೆಯ ಅಭ್ಯಾಸ

ಕಾಪಿ ಮುಗಿದಂತೆ ಕಂಡರೂ ಒಂದಷ್ಟು ಮಾಹಿತಿ ಇನ್ನೂ ಮೆಮೊರಿಯಲ್ಲೇ ಉಳಿದಿರಬಹುದು. ಇಜೆಕ್ಟ್ ಮಾಡಿದಾಗ ಅದು ಡಿಸ್ಕಿಗೆ ಇಳಿಯುತ್ತದೆ. ಬಿಜಿ ಇದೆ ಎಂಬ ಸಂದೇಶ ಬಂದರೆ ಆ ಡಿಸ್ಕಿನ ಕಡತಗಳನ್ನೂ ಟರ್ಮಿನಲ್ಲನ್ನೂ ಮುಚ್ಚಿ ಮತ್ತೆ ಪ್ರಯತ್ನಿಸಿ. ನಾಗಮಂಗಲದ ಬಸ್ಸು ಹೊರಡುವ ಹೊತ್ತಾದರೂ ಈ ಅರ್ಧ ನಿಮಿಷ ತಾಳಿ.

ಕ್ರಮ ನೆನಪಿಡಿ: ಮೊದಲು ನೋಡುವುದು, ಆಮೇಲೆ ಪ್ರತಿ ತೆಗೆಯುವುದು, ಕೊನೆಗೆ ದುರಸ್ತಿ. ಮುಖ್ಯ ಕಡತಗಳ ಇನ್ನೊಂದು ಪ್ರತಿ ಬೇರೆ ಕಡೆ ಇದ್ದರೆ ಗಾಬರಿಯೂ ಇರುವುದಿಲ್ಲ.

ಅಭ್ಯಾಸ: ಲ್ಯಾಬಿನಲ್ಲಿ ಒಂದು ಖಾಲಿ ಪೆನ್‌ಡ್ರೈವ್ ಹಾಕಿ, ಅದರ ಹೆಸರು, ಫೈಲ್ ಸಿಸ್ಟಂ, ಮೌಂಟ್ ಪಾಯಿಂಟ್ ಈ ಮೂರನ್ನೂ ನಿಮ್ಮ ರೆಕಾರ್ಡ್ ಪುಸ್ತಕದಲ್ಲಿ ಬರೆಯಿರಿ. ಇಜೆಕ್ಟ್ ಮಾಡಿದ ನಂತರ ಪಟ್ಟಿಯಲ್ಲಿ ಏನು ಬದಲಾಯಿತು?